ಕೋಸಿನ ರೋಗ ಕುಡಿಸಿದ ನೀರು

ಇದನ್ನು ಓದುವ ಮೊದಲು ಒಂದು ಗುಟುಕು ನೀರು ಕುಡಿದು ಬನ್ನಿ...

ಸಲೀಸಾಗಿ ಇಳಿಯಿತಲ್ಲ? ಅದೆಂಥ ಭಾಗ್ಯ ಅಂತ ನಮಗೆ ಗೊತ್ತೇ ಇಲ್ಲ.

ಮಾಲೂರು ಕಡೆಯ ಮುನಿಶಾಮಪ್ಪ ಜೀವನವಿಡೀ ಎಲೆಕೋಸು ಬೆಳೆದವರು. ಕೊಲೆಸ್ಟ್ರಾಲ್ ಏರಿತ್ತು, ಲೆಕ್ಕಿಸಲಿಲ್ಲ... ಒಂದು ದಿನ ಲಕ್ವ ಹೊಡೆಯಿತು.

ಬಲಗೈ ಸ್ವಾಧೀನ ತಪ್ಪಿತು. ಮಾತು ತೊದಲತೊಡಗಿತು. ಅದಕ್ಕಿಂತ ದೊಡ್ಡ ಶಿಕ್ಷೆ ಎಂದರೆ, ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತಿತ್ತು.

ಹಾಗಾಗಿ ಆಸ್ಪತ್ರೆಯಲ್ಲಿ ಮೂಗಿಗೆ ಟ್ಯೂಬ್. ಪಕ್ಕದ ಬೆಡ್ಡಿನವರು ನೀರು ಕುಡಿಯುವುದನ್ನು ಅವರು ನೋಡುತ್ತಿದ್ದ ರೀತಿ ಇದೆಯಲ್ಲ... ಸೊಸೆ ನಾಗವೇಣಿಗೆ ಕರುಳು ಕಿತ್ತುಬರುತ್ತಿತ್ತು.

ಅವತ್ತು ನುಂಗುವುದನ್ನು ಕಲಿಸುವ ಥೆರಪಿಸ್ಟ್ ನಿಖತ್ ಬಂದರು. ಲೋಟದ ನೀರಿಗೆ ಬಿಳಿ ಪುಡಿ ಕದಡಿದರು. ನೀರು ಗಂಜಿಯಂತೆ ಮಂದವಾಯಿತು.

“ಇದನ್ನ ನುಂಗಿದ್ರೆ ಟ್ಯೂಬ್ ತೆಗೆಯೋ ದಾರಿ ಆಗುತ್ತೆ. ಇಲ್ಲಾಂದ್ರೆ ಹೊಟ್ಟೆಗೇ ಟ್ಯೂಬ್ ಹಾಕ್ಬೇಕಾಗ್ಬಹುದು.”

ನಾಗವೇಣಿ ಡಬ್ಬಿಯ ಮೇಲಿನ ಹೆಸರು ಓದಿದಳು... ಕ್ಸಾಂಥನ್ ಗಮ್. ತಟ್ಟನೆ ಲೋಟಕ್ಕೆ ಕೈ ಅಡ್ಡ ಹಿಡಿದಳು.

“ಬ್ಯಾಡ ಮೇಡಂ. ವಾಟ್ಸಾಪ್‌ನಾಗೆ ಬಂದೈತೆ. ಇದನ್ನ ಮಾಡೋದು ಕೋಸಿನ ಕಪ್ಪು ಕೊಳೆ ರೋಗದ ಕ್ರಿಮಿಯಿಂದಂತೆ. ನಮ್ಮ ತೋಟಾನೇ ಹಾಳು ಮಾಡಿದ ರೋಗ ಅದು. ಅದನ್ನ ನಮ್ಮ ಮಾವನ ಬಾಯಿಗೆ ಹಾಕ್ಲಾ?”

ನಿಖತ್ ಇದನ್ನು ಸುಳ್ಳು ಸುದ್ದಿ ಅನ್ನುತ್ತಾರೆ ಅಂತ ಅಕ್ಕಪಕ್ಕದವರೆಲ್ಲ ಅಂದುಕೊಂಡರು.

“ನಿಜಾನೇ ಅಮ್ಮ. ಅದೇ ಕ್ರಿಮಿ” ಎಂದರು ನಿಖತ್.

“ಅದು ತನ್ನ ಮೈ ಒಣಗಬಾರದು ಅಂತ ಸುತ್ತ ಲೋಳೆ ಕಟ್ಕೊಳ್ಳುತ್ತೆ. ಫ್ಯಾಕ್ಟರಿಲಿ ಕ್ರಿಮೀನ ಸಾಯಿಸಿ, ಆ ಲೋಳೆ ಬೇರೆ ಮಾಡಿ, ಒಣಗಿಸಿ ಪುಡಿ ಮಾಡ್ತಾರೆ. ಸಾಸ್, ಐಸ್‌ಕ್ರೀಮ್‌ನಲ್ಲೂ ಹಾಕ್ತಾರೆ. ಬರೀ ನೀರು ಸರ್ರಂತ ಜಾರುತ್ತೆ, ತಾತನ ಗಂಟಲಿಗೆ ಉಸಿರಿನ ದಾರಿ ಮುಚ್ಚೋಕೆ ಟೈಮೇ ಸಿಗಲ್ಲ. ಈ ಪುಡಿ ನೀರನ್ನ ನಿಧಾನ ಮಾಡುತ್ತೆ.”

“ಇದ್ರಿಂದ ಕೊಲೆಸ್ಟ್ರಾಲ್ ಜಾಸ್ತಿ ಆದ್ರೆ?” ಎಂದಳು ನಾಗವೇಣಿ.

“ಇದು ನಾರಿನ ಥರ, ನಮಗೆ ಜೀರ್ಣ ಆಗಲ್ಲ. ಕರುಳಲ್ಲಿರೋ ಕೆಲವು ಕ್ರಿಮಿಗಳಿಗೆ ಇದೇ ಊಟ. ಕೊಲೆಸ್ಟ್ರಾಲ್ ಸ್ವಲ್ಪ ಇಳಿದಿದ್ದು ಸಣ್ಣಪುಟ್ಟ ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಮಾತ್ರೆ ಬಿಡೋ ಹಾಗಿಲ್ಲ. ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತೆ, ನೋಡ್ಕೊಂಡು ಕೊಡೋಣ.”

ಯೋಚಿಸಿ... ಒಂದು ಕ್ರಿಮಿಯ ಲೋಳೆ ಇನ್ನೊಂದು ಕ್ರಿಮಿಗೆ ಊಟ. ನಡುವೆ ನಾವು, ನಮ್ಮ ಹೊಟ್ಟೆ ನಮ್ಮದೇ ಅಂದುಕೊಂಡು ಮೆರೆಯುತ್ತೇವೆ.

ನಾಗವೇಣಿಯ ಕೈ ಇನ್ನೂ ಲೋಟದ ಮೇಲೇ ಇತ್ತು. ಮಾವ ಎಡಗೈ ಚಾಚಿ ಆ ಕೈಯನ್ನು ಮೆಲ್ಲಗೆ ಸರಿಸಿದರು.

ಒಂದು ಚಮಚ... ನಿಖತ್ ಮುನಿಶಾಮಪ್ಪನವರ ಗಂಟಲ ಮೇಲೆ ಬೆರಳಿಟ್ಟರು.

ಗಂಟಲು ಮೇಲೆದ್ದು ಇಳಿಯಿತು. ಕೆಮ್ಮು ಬರಲಿಲ್ಲ.

“ತಾತ, ಆ ಅನ್ನಿ.”

“ಆ...” ದನಿ ತಿಳಿಯಾಗಿತ್ತು, ಗೊರಗೊರ ಇರಲಿಲ್ಲ; ನೀರು ದಾರಿ ತಪ್ಪಿಲ್ಲ ಅನ್ನೋದಕ್ಕೆ ಅದೇ ಗುರುತು.

ಇನ್ನೊಂದು ಚಮಚ... ಮತ್ತೊಂದು... ಮುನಿಶಾಮಪ್ಪನವರ ಕಣ್ಣೀರು ಕೆನ್ನೆಗಿಳಿಯಿತು. ತೊದಲುತ್ತಲೇ ಸೊಸೆಗೆ ಹೇಳಿದರು.

“ಆಯಸ್ಸೆಲ್ಲ... ಔಷಧಿ ಹೊಡ್ದು... ಸಾಯಿಸ್ದೆ ಕಣಮ್ಮ ಅದನ್ನ. ಅದು ನೋಡು... ನಂಗೆ ನೀರು ಕುಡಿಸ್ತು.”

*ನಮಗೆ ಕೇಡು ಮಾಡಿದ್ದರೊಳಗೂ ಯಾರದೋ ಜೀವ ಉಳಿಸುವ ಗುಣ ಇರಬಹುದು.*

ಅರ್ಧ ತಿಳಿದು ನೀವು ಕೈ ಅಡ್ಡ ಹಿಡಿದದ್ದು ಯಾವುದಕ್ಕೆ... ಒಮ್ಮೆ ಯೋಚಿಸುತ್ತೀರಾ?