ಡಾಕ್ಟರ ಮೊಬೈಲು

ಆಸ್ಪತ್ರೆಯ ಆನ್‌ಲೈನ್ ಲೈಬ್ರರಿ ಖಾತೆ ತೀರಿಕೊಂಡ ಡಾಕ್ಟರ ಹೆಸರಿನಲ್ಲೇ ಉಳಿದಿತ್ತು. ಅದನ್ನು ತೆರೆಯಲು ಬೇಕಾದ ಓಟಿಪಿ ಅವರ ಮೊಬೈಲಿಗೇ ಬರುತ್ತಿತ್ತು. ಮೊಬೈಲು ಈಗ ಅವರ ಹೆಂಡತಿಯ ಹತ್ತಿರ ಇತ್ತು. ಹಾಗಾಗಿ ನರ್ಸ್ ಏನು ಓದಬೇಕಾದರೂ ಮೊದಲು ಅವರಿಗೆ ಫೋನು ಮಾಡುತ್ತಿದ್ದಳು.

“ಓಟಿಪಿ ಬಂತು, ಬರ್ಕೋ. ನಾಲ್ಕು, ಸೊನ್ನೆ, ಏಳು, ಎರಡು,” ಎಂದರು ಆಕೆ. “ಇವತ್ತು ಯಾವ ಕಾಯಿಲೆ ಓದ್ತಿದ್ದೀಯಮ್ಮ?”

“ಲಿವರ್ ಕ್ಯಾನ್ಸರ್ ಅಮ್ಮ. ಒಬ್ರು ಪೇಷಂಟ್‌ಗೆ.”

“ಔಷಧಿ ಇದ್ಯಂತಾ?”

ನರ್ಸ್ ಕೊನೆಯ ಪುಟದವರೆಗೂ ನೋಡಿದಳು. “ಈ ಸ್ಟೇಜಲ್ಲಿ ಏನೂ ಇಲ್ವಂತೆ.”

“ಅವರಿಗೆ ಹೇಳಿದ್ಯಾ?”

“ಹೇಳೋಕೆ ಬಾಯಿ ಬರ್ತಿಲ್ಲ.”

“ಮುಚ್ಚಿಡಬೇಡ. ನಮ್ಮ ಯಜಮಾನ್ರು ಯಾವ ಪೇಷಂಟ್ ಹತ್ರಾನೂ ಮುಚ್ಚಿಡ್ತಿರ್ಲಿಲ್ಲ. ಇವತ್ತೇ ಹೇಳ್ಬಿಡು.”

“ಹೂಂ.”

“ಅಂದ ಹಾಗೆ, ಮೊನ್ನೆ ನನಗೆ ಸ್ಕ್ಯಾನ್ ಮಾಡಿಸಿದ್ಯಲ್ಲ, ಅದರ ರಿಪೋರ್ಟ್ ಬಂತಾ?”