ಕಬ್ಬಿಣದವನಿಗೆ ಬುತ್ತಿ

ಗದ್ದೆಮ್ಮ ಬುತ್ತಿ ಕಟ್ಟುತ್ತಿದ್ದಳು. ರೊಟ್ಟಿಯ ಕೆಳಗೆ, ಪಲ್ಯದ ಡಬ್ಬಿ ಇರಬೇಕಾದ ಜಾಗದಲ್ಲಿ, ಬಾವಿಯ ಬಂಡೆ ಒಡೆಯುವ ಮದ್ದು ಇತ್ತು. ಅದನ್ನು ತಂದುಕೊಟ್ಟ, ಬಾವಿ ತೋಡುವ ನನ್ನೇಸಾಬ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಬುತ್ತಿ ಯಾರಿಗೆ ಅಂದರೆ, ಅವಳ ಗಂಡನಿಗೇ.

ತೊಂಬತ್ತೊಂದರ ಸುಗ್ಗಿ. ಆವತ್ತು ನಸುಕಿನಲ್ಲಿ ವಳಕಮದಿನ್ನಿಯ ಜನ ಚರಿಗೆ ಹಿಡಿದು ಹೊರಗೆ ಬಂದರೆ, ಊರ ಸುತ್ತ ಕಬ್ಬಿಣದ ಮನುಷ್ಯರು ನಿಂತಿದ್ದರು. ನೀರಿನ ಟ್ಯಾಂಕಿಗಿಂತ ಎತ್ತರ! ಆ ವರ್ಷ ಸಿಂಧನೂರು ತಾಲೂಕಿನಲ್ಲಿ ಕಳುವಾದ ಸಾಮಾನೆಲ್ಲ ಅವರ ಮೈಯಲ್ಲಿತ್ತು. ಜವಳಗೇರಾದ ಟ್ರ್ಯಾಕ್ಟರುಗಳು ಮೊಣಕಾಲಾಗಿದ್ದವು, ಕಾಲುವೆಯ ಗೇಟುಗಳು ಪಕ್ಕೆಲುಬಾಗಿದ್ದವು. ತಲೆಯಲ್ಲಿ ಎರಡೆರಡು ಕೆಂಪು ದೀಪ. ಅವು ಮಿಟುಕದೆ ಊರನ್ನೇ ನೋಡುತ್ತಿದ್ದವು.

ತುರ್ವಿಹಾಳದ ಬಸ್ಸು ಬರಲಿಲ್ಲ. ಫೋನು ಸತ್ತಿತ್ತು. ಜಿಲಾನಿಸಾಬ್ ಧೈರ್ಯ ಮಾಡಿ ಹೆಂಡತಿ ಮಕ್ಕಳನ್ನು ಬಂಡಿಗೆ ಹತ್ತಿಸಿಕೊಂಡು ಹೊರಟ. ಸೀಮೆಕಲ್ಲು ದಾಟುವಷ್ಟರಲ್ಲಿ ಒಂದು ಕಬ್ಬಿಣದ ಕೈ ಬಂಡಿಯನ್ನು ಎತ್ತುಗಳ ಸಮೇತ ಎತ್ತಿ, ಮತ್ತೆ ಊರ ಕಡೆಗೇ ಇಟ್ಟುಬಿಟ್ಟಿತು. ಬಂಡಿಯ ಒಂದು ಕೀಲೂ ಕಳಚಿರಲಿಲ್ಲ. ಹೊಡೆದು ಹಾಕಿದ್ದರೂ ಜನ ಅಷ್ಟು ಹೆದರುತ್ತಿರಲಿಲ್ಲವೇನೋ. ನಮ್ಮನ್ನು ಕುರಿಗಳ ಹಾಗೆ ದೊಡ್ಡಿಯಲ್ಲಿ ಕೂಡಿದ್ದಾರೆ, ಹೊತ್ತು ನೋಡಿ ಕೊಯ್ಯುತ್ತಾರೆ ಎಂದು ಸಾಹುಕಾರ ಅಮರಗುಂಡಪ್ಪ ಕಟ್ಟೆಯ ಮೇಲೆ ಕೂತು ಹೇಳಿದ.

ಗದ್ದೆಮ್ಮನ ಜೀವ ಮಾತ್ರ ಆಗಲೇ ಬಾಯಿಗೆ ಬಂದಿತ್ತು. ಕಾಲುವೆಯ ಏರಿಯ ಹತ್ತಿರ ನಿಂತವನ ತೋಳಿಗೆ ಒಂದು ಚೌಕಳಿ ಟವಲು ಕಟ್ಟಿತ್ತು. ಅದು ಅವಳೇ ಒಗೆದು ಒಣಹಾಕಿದ್ದ ಟವಲು, ಅವಳ ಗಂಡ ಆದಪ್ಪನದು.

ಆದಪ್ಪ ಯಾವ ಊರಿನವನು, ಯಾರ ಮಗ ಎಂದು ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ಎಳ್ಳಮವಾಸ್ಯೆಯ ದಿನ ಗದ್ದೆಮ್ಮ ಭೂಮಿತಾಯಿಗೆಂದು ಹೊಲದ ತುಂಬ ಚರಗ ಚೆಲ್ಲುತ್ತ ಹೋದರೆ, ಹಿಂದಿನಿಂದ ಒಬ್ಬ ಗಂಡಸು ಆ ಕಡುಬಿನ ಚೂರು, ಪುಂಡಿಪಲ್ಯ ಎಲ್ಲ ಆರಿಸಿ ತಿನ್ನುತ್ತ ಬಂದಿದ್ದ. ಚರಗ ಆರಿಸಿ ತಿನ್ನುವ ಮನುಷ್ಯ ಎಲ್ಲಾದರೂ ಉಂಟೇ! ಊರು ಹೊಟ್ಟೆ ಹಿಡಿದು ನಕ್ಕಿತು. ಪಾಪ, ಹಸಿದ ಪರದೇಶಿ ಎಂದು ಅವಳ ಅವ್ವ ಕರೆದು ಬಡಿಸಿದಳು, ಆಳಾಗಿ ಇಟ್ಟುಕೊಂಡಳು, ಕಡೆಗೆ ಮನೆಯಳಿಯನನ್ನೇ ಮಾಡಿಕೊಂಡಳು. ಎತ್ತಿನ ಮೇಲೆ ಬಾರುಕೋಲು ಎತ್ತದವನು ಅವನು. ಚೇಳು ಕಂಡರೆ ಮೊರದಲ್ಲಿ ಹೊತ್ತು ಬೇಲಿಯಾಚೆ ಬಿಟ್ಟು ಬರುವವನು.

ಅಂಥವನು ನಿನ್ನೆ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲ ಹೇಳಿದ್ದ. ತಾನು ಚುಕ್ಕಿಗಳ ಆಚೆಯವನಂತೆ. ಮಸ್ಕಿ ಗುಡ್ಡದ ಹಿಂದೆ ಇಳಿದದ್ದಂತೆ. ತನ್ನಂಥವರು ಊರೂರಲ್ಲಿ ಇದ್ದಾರಂತೆ.

“ನಾವು ಬಡದಾಡೋ ಮಂದಿ ಅಲ್ಲ,” ಅಂದಿದ್ದ. “ಆದ್ರ ಈಗ ಅದರ ವ್ಯಾಳ್ಯಾ ಬಂದೈತಿ. ಕಬ್ಬಿಣದಾಗ ಕೂಡಿದ ಮ್ಯಾಲ ಮತ್ತ ಹೊರಗ ಬರಾಕ ಆಗಂಗಿಲ್ಲ ಗದ್ದಿ.”

ಬಡಿದಾಟ ಯಾರ ಮೇಲೆ ಎಂದು ಕೇಳಲು ಅವಳಿಗೆ ಬಾಯೇ ಬರಲಿಲ್ಲ. ಬೆಳಗಾಗುವುದರೊಳಗೆ ಅವನ ಹಾಸಿಗೆ ಖಾಲಿಯಾಗಿತ್ತು.

ಮಧ್ಯಾಹ್ನದವರೆಗೆ ತುಟಿ ಪಿಟಕ್ ಎನ್ನದೆ ಇದ್ದವಳು, ಕೂಸು ಹೆದರಿ ಚೀರಿದಾಗ ತಡೆಯಲಾರದೆ ಕಟ್ಟೆಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಅಮರಗುಂಡಪ್ಪ ಸಿಟ್ಟು ಮಾಡಲಿಲ್ಲ. ಕಾಲುವೆ ಕಡೆಯವನೊಬ್ಬ ಬಿದ್ದರೆ ಸಾಕು, ದಾರಿಯಾಗುತ್ತದೆ, ಹೆಂಗಸರು ಮಕ್ಕಳನ್ನಾದರೂ ಲಿಂಗಸುಗೂರಿನ ಕಡೆ ದಾಟಿಸಬಹುದು ಎಂದು ಬಿಡಿಸಿ ಹೇಳಿದ.

“ತಂಗಿ, ಅಂವ ನಿನ್ನ ಗಂಡ ಆಗಿದ್ದ. ಈಗ ಕಬ್ಬಿಣ ಆಗ್ಯಾನ. ನಿನ್ನ ಕೈಯಾಗಿನ ಬುತ್ತಿ ಬಿಟ್ರ ಅಂವ ಬ್ಯಾರೆ ಯಾರದೂ ಮುಟ್ಟಂಗಿಲ್ಲ.”

ಗಂಡನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೇ? ಇತ್ತು, ಜೀವ ಅಂದರೆ ಜೀವ. ಆದರೆ ಮಡಿಲಲ್ಲಿ ಕೂಸು ಇತ್ತಲ್ಲ. ಅದನ್ನು ನೆರೆಮನೆಯ ಇಮಾಮ್‌ಬೀಯ ಕೈಗೆ ಕೊಟ್ಟು, ಬುತ್ತಿ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು. ಬುತ್ತಿ ಕೊಟ್ಟವಳೇ ಏರಿಯಾಚೆ ಹಾರಿ ನೆಲಕ್ಕೆ ಅಂಟಿ ಮಲಗು ಎಂದು ನನ್ನೇಸಾಬ ಹೇಳಿದ್ದ.

ಹೊತ್ತು ಇಳಿಯುತ್ತಿತ್ತು. ಕೊಯ್ದ ಗದ್ದೆಯ ಕೂಳೆ ಕಾಲಿಗೆ ಚುಚ್ಚಿದ್ದು ಅವಳಿಗೆ ತಿಳಿಯಲಿಲ್ಲ. ಹತ್ತಿರವಾದಂತೆ ಕೆಂಪು ದೀಪಗಳ ಬೆಳಕು ಅವಳ ಕೈಮೇಲೆ ಬಿತ್ತು. ಗಂಟು ಇಳಿಸಿ, ಒಳಗಿನ ಉದ್ದನೆಯ ಬತ್ತಿಗೆ ಸೆರಗಿನ ಮರೆಯಲ್ಲಿ ಕಡ್ಡಿ ಗೀರಿ, ಬುತ್ತಿ ತಂದೀನಿ ಎಂದಳು.

ಕಬ್ಬಿಣದವನು ಬಗ್ಗಲಿಲ್ಲ, ತಿರುಗಲೂ ಇಲ್ಲ. ತೋಳು ಮಾತ್ರ ಕಿರ್ರೆಂದು ಕೆಳಗಿಳಿಯಿತು. ಮೊಣಕೈ ಮನುಷ್ಯರದು ಮಡಚದ ಕಡೆಗೆ ಮಡಚಿತ್ತು. ಅವ್ವಾ! ನೇಗಿಲಿನಷ್ಟು ದೊಡ್ಡ ಬೆರಳುಗಳು ಅವಳ ಮುಂದೆ ಬಿಚ್ಚಿಕೊಂಡವು.

“ಉಣ್ಣಾಕ ಬಾಯಿ ಉಳದಿಲ್ಲ ಗದ್ದಿ,” ಎಂದಿತು ಮೇಲಿನಿಂದ ಒಂದು ದನಿ. ತುಕ್ಕು ಹಿಡಿದಂತಿದ್ದರೂ ಅದು ಅವನದೇ. “ಇರಲಿ, ನೀ ತಂದಿದ್ದು ಅಂದ್ರ ಎದ್ಯಾಗ ಇಟ್ಕೋತೀನಿ. ನೀ ಮನೀಗೆ ಹೋಗು. ಕೂಸಿನ ಕಣ್ಣು ಮುಚ್ಚು. ಹೊತ್ತು ಮುಣಗೂದರಾಗ ಎಲ್ಲಾ ಮುಗದು ಹೋಗ್ತೈತಿ.”

ಕೂಸಿನ ಹೆಸರು ಎತ್ತಿದ್ದೇ ಅವಳ ಕನಿಕರವೆಲ್ಲ ಒಣಗಿಹೋಯಿತು. ಗಂಟನ್ನು ಆ ಅಂಗೈಗೆ ಹಾಕಿದಳು. ತೋಳು ಜೋಪಾನವಾಗಿ ಮೇಲೆ ಹೋಯಿತು. ಅವಳು ಆ ಕಾಲುಗಳ ನಡುವೆಯೇ ನುಗ್ಗಿ, ಓಡಿ, ಏರಿ ಹತ್ತಿ ಆಚೆ ಉರುಳಿದಳು.

ಮಲಗಲು ಮನಸ್ಸು ಬರಲಿಲ್ಲ. ಕಡೆಯ ಸಲ ಎಂದು ತಲೆ ಎತ್ತಿದಳು. ಮಸ್ಕಿಯ ದಿಕ್ಕಿನಿಂದ, ನೆಲವೇ ಕಾಣದ ಹಾಗೆ, ಕಪ್ಪಗೆ ಏನೋ ಹರಿದು ಬರುತ್ತಿತ್ತು. ಅದರ ತುಂಬ ಬಾಯಿಗಳಿದ್ದವು. ಅದಕ್ಕೆ ಎದುರಾಗಿ, ಊರಿಗೆ ಬೆನ್ನು ಮಾಡಿ, ಅವಳು ಬಿದ್ದಿದ್ದ ಕಡೆಗೇ ಕಣ್ಣು ನೆಟ್ಟು, ಆದಪ್ಪ ಎರಡೂ ಕೈ ಅಗಲಿಸಿ ನಿಂತಿದ್ದ. ಹಣೆಯ ಮೇಲೆ ಬಿಳಿಯ ದೀಪಗಳು ಉರಿಯುತ್ತಿದ್ದವು, ಅವುಗಳ ಕೆಳಗೆ, ಬಾಯಿ ಒಂದನ್ನು ಬಿಟ್ಟು, ಅವಳು ಬಲ್ಲ ಅದೇ ಮುಖವಿತ್ತು.

ಬೆಳಗಿನಿಂದ ಊರು ಹೆದರಿ ಕೂತದ್ದು ಕಬ್ಬಿಣದವರ ಬೆನ್ನು ನೋಡಿ.