ಹಿಡಿಯುವ ಕೈ, ಹೊಡೆಯುವ ಕೈ

"ಸಿಕ್ಸ್ ಹೊಡೆಯುವವನನ್ನು ಬಿಟ್ಟು ಕ್ಯಾಚ್ ಹಿಡಿಯುವವನನ್ನು ತೆಗೊಂಡ್ರೆ ಜನ ನಗ್ತಾರೆ ಮಾರಾಯ," ಎಂದರು ಚಿತ್ತರಂಜನ ಶೆಟ್ಟರು. ಕೊಟ್ಟಾರದಲ್ಲಿ ಅವರ ಹೋಟೆಲು. ತಂಡದ ಜೆರ್ಸಿಯಿಂದ ಹಿಡಿದು ಚಿಕನ್ ಸುಕ್ಕದವರೆಗೆ ಎಲ್ಲ ಅವರದ್ದೇ.

ಕ್ಯಾಪ್ಟನ್ ಯೋಗೀಶನಿಗೆ ಮೈಯೆಲ್ಲ ಉರಿದುಹೋಯಿತು. "ಕಳೆದ ವರ್ಷ ಸಿಕ್ಸ್ ಹೊಡೆಯುವವರೇ ಇದ್ದದ್ದಲ್ವಾ ಶೆಟ್ರೇ? ನನ್ನ ಬೌಲಿಂಗಿಗೆ ಏಳು ಕ್ಯಾಚ್ ಬಿಟ್ರು. ಏಳು! ಫೈನಲಲ್ಲಿ ಒಬ್ಬ ಕ್ಯಾಚ್ ಬಿಟ್ಟು ಕ್ಯಾಮರಾ ನೋಡಿ ಕೂದಲು ಸರಿ ಮಾಡಿಕೊಂಡ. ಈ ಸಲವೂ ಹಾಗೇ ಆದ್ರೆ ನಾನು ಬಾಲ್ ಮುಟ್ಟುವುದಿಲ್ಲ. ಬೇರೆ ಕ್ಯಾಪ್ಟನನ್ನು ನೋಡಿಕೊಳ್ಳಿ."

ಕುದ್ರೋಳಿಯ ಮೈದಾನದಲ್ಲಿ ಅಂಡರ್‌ಆರ್ಮ್ ಲೀಗಿಗೆ ಆಟಗಾರರನ್ನು ಆರಿಸುವ ದಿನ ಅದು. ಪ್ರತಿ ತಂಡಕ್ಕೂ ಹತ್ತೊಂಬತ್ತು ದಾಟದ ಒಬ್ಬ ಹುಡುಗ ಕಡ್ಡಾಯ. ಉಳಿದಿದ್ದವರು ಇಬ್ಬರೇ ಹುಡುಗರು, ಹುಡುಗ ಸಿಗದ ತಂಡಗಳೂ ಎರಡೇ. ಮೊದಲ ಸರದಿ ಶೆಟ್ಟರದ್ದು. ಅವರು ಬಿಟ್ಟವನು ನಿಝಾರನ ತಂಡಕ್ಕೆ. ಕಾಟಿಪಳ್ಳದ ಸುಜಿತ್ ಚೆಂಡನ್ನು ತೆಂಗಿನಮರದ ಮೇಲೆ ಕಳಿಸಿದ ವಿಡಿಯೋ ಊರಿನ ಎಲ್ಲ ಮೊಬೈಲಿನಲ್ಲೂ ಓಡಾಡಿತ್ತು. ಇನ್ನೊಬ್ಬ ಭುವನ್, ಬೆಳಿಗ್ಗೆ ದಕ್ಕೆಯಲ್ಲಿ ಬೋಟಿನಿಂದ ಮೀನು ಇಳಿಸುವವನು. ಬ್ಯಾಟ್ ಕೊಟ್ಟರೆ ಸೊಳ್ಳೆ ಓಡಿಸುವವನಂತೆ ಬೀಸುತ್ತಾನೆ. ಆದರೆ ಅವನ ಕೈಯಿಂದ ಚೆಂಡು ಜಾರಿದ್ದನ್ನು ಕಂಡವರಿಲ್ಲ.

"ಒಂದು ಕೆಲಸ ಮಾಡುವ," ಎಂದರು ಶೆಟ್ಟರು. "ಒಂದೇ ಬಾಲ್. ನೀನೇ ಹಾಕು. ಸುಜಿತ್ ಹೊಡೀಲಿ, ಭುವನ್ ಹಿಡೀಲಿ. ಹಿಡಿದ್ರೆ ಭುವನ್, ಸಿಕ್ಸ್ ಹೋದ್ರೆ ಸುಜಿತ್. ಆಯ್ತಾ?"

"ಆಯ್ತು. ಮತ್ತೆ ಮಾತು ತಿರುಗಿಸಬಾರದು."

ಯೋಗೀಶ ಚೆಂಡು ಹಾಕಿದ. ಸುಜಿತ್ ಬೀಸಿದ ರಭಸಕ್ಕೆ ಬ್ಯಾಟೇ ಕೂಗಿತು. ಚೆಂಡು ಆಕಾಶಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಬೌಂಡರಿ ಹಗ್ಗದ ಕಡೆ ಇಳಿಯತೊಡಗಿತು. ಭುವನ್ ಮೂರೇ ನೆಗೆತಕ್ಕೆ ಅದರ ಕೆಳಗಿದ್ದ. ಎರಡು ಅಂಗೈ ಜೋಡಿಸಿದ. ಚೆಂಡು ಸದ್ದಿಲ್ಲದೆ ಬಂದು ಕೂತಿತು. ಯೋಗೀಶ "ಹೋ!" ಎಂದು ಬಾಯಿ ತೆರೆದ. ಆ ಬಾಯಿ ಮುಚ್ಚುವ ಮೊದಲೇ, ಹಿಡಿದ ಕೈಯ ಅದೇ ಓಘದಲ್ಲಿ, ಹುಡುಗ ಹಿಂದಿರುಗಿ ನೋಡದೆ ಚೆಂಡನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟ. ಅದು ಹಗ್ಗದ ಆಚೆ ಬಿತ್ತು.

ಶೆಟ್ಟರು ಎರಡೂ ಕೈ ಮೇಲೆತ್ತಿದರು. "ಸಿಕ್ಸ್!"

"ಎಂತದಾ ಅದು?" ಯೋಗೀಶ ಓಡಿ ಹೋಗಿ ಭುವನನ ಎದುರು ನಿಂತ. "ಎಂತ ಮಾಡಿದ್ದು ನೀನು?"

ಭುವನ್ ತನ್ನ ಕೈಯನ್ನು ತಾನೇ ನೋಡಿಕೊಂಡ. "ಗೊತ್ತಾಗ್ಲಿಲ್ಲ ಯೋಗೀಶಣ್ಣ. ಬೋಟಿನವರು ಅಂಜಲ್ ಎಸೀತಾರೆ, ಹಿಡಿದ ಕೂಡ್ಲೇ ಹಿಂದೆ ಕ್ರೇಟಿಗೆ ಹಾಕ್ಬೇಕು. ಇಲ್ಲದಿದ್ರೆ ಮುಂದಿನ ಮೀನು ಮುಖಕ್ಕೆ ಬೀಳ್ತದೆ."

"ಇಲ್ಲಿ ಯಾವ ಅಂಜಲ್ ಉಂಟಾ? ನಿನ್ನ ತಲೆಯಲ್ಲಿ ಐಸ್ ತುಂಬಿಸಿಟ್ಟಿದ್ದಾರಾ?"

ನಗು ತಡೆಯಲಾಗದೆ ಶೆಟ್ಟರ ಹೊಟ್ಟೆ ಕುಣಿಯುತ್ತಿತ್ತು. ಆದರೂ ಮನುಷ್ಯ ಒಳ್ಳೆಯವರು. "ಬಿಡು ಮಾರಾಯ, ಹಿಡಿದದ್ದಂತೂ ಚಂದ ಹಿಡಿದ. ಬೇಕಾದ್ರೆ ಇನ್ನೊಂದು ಬಾಲ್ ನೋಡುವನಾ?"

ಆಗ ಹೂಂ ಎಂದಿದ್ದರೆ ಆಗುತ್ತಿತ್ತು. ಆದರೆ ಸಿಟ್ಟು ಬಂದರೆ ಯೋಗೀಶನ ಕಿವಿ ಮೊದಲು ಮುಚ್ಚುತ್ತದೆ, ಬಾಯಿ ಕೊನೆಗೆ. ಒಂಬತ್ತನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರು ಸಾರಿ ಹೇಳು ಎಂದಾಗಲೂ ಹೀಗೇ ಆಗಿ, ಅವನು ಶಾಲೆಯನ್ನೇ ಬಿಟ್ಟಿದ್ದ. "ಬೇಡ! ಇವನ ಮುಖ ನೋಡುವುದು ಬೇಡ ನನಗೆ. ಸುಜಿತ್ ಅಂತ ಬರೀರಿ ಶೆಟ್ರೇ. ಬರೀರಿ!"

ಶೆಟ್ಟರು ಬರೆದರು. ನಿಝಾರ್ ಭುವನನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿದ. "ಆ ಕ್ರೇಟು ಎಲ್ಲಿಟ್ರೂ ಅದರೊಳಗೇ ಬೀಳ್ತದಾ?"

"ಒಮ್ಮೆ ನೋಡಿಕೊಂಡ್ರೆ ಸಾಕು ನಿಝಾರಣ್ಣ. ಮತ್ತೆ ತಿರುಗುವುದು ಬೇಡ."

ನಿಝಾರ್ ನೀರಿನ ಬಾಟಲಿಗಳನ್ನು ನೆಲಕ್ಕೆ ಸುರಿದು, ಖಾಲಿ ಕ್ರೇಟನ್ನು ತಂದು ಸ್ಟಂಪಿನ ಮುಂದೆ ಇಟ್ಟ. ಒಂದು ಚೆಂಡನ್ನು ಹಗ್ಗದ ಕಡೆ ಉರುಳಿಸಿದ. ಭುವನ್ ಸ್ಟಂಪಿಗೆ ಬೆನ್ನು ಹಾಕಿ ಅಟ್ಟಿಸಿಕೊಂಡು ಹೋಗಿ, ಹಗ್ಗದ ಬುಡದಲ್ಲಿ ಹಿಡಿದು, ತಿರುಗದೆ ಹಾಗೆಯೇ ಹಿಂದಕ್ಕೆ ಎಸೆದ. ಚೆಂಡು ಕ್ರೇಟಿನೊಳಗೆ ಧಡ್ ಎಂದು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಬೀಳುವ ಮೊದಲು ನಿಝಾರ್ ಕ್ರೇಟು ತೆಗೆದು ಪಕ್ಕಕ್ಕೆ ಸರಿದ. ನಡುವಿನ ಸ್ಟಂಪು ಹಾರಿ ಬಿತ್ತು.

ಶೆಟ್ಟರ ಹೊಟ್ಟೆ ಕುಣಿಯುವುದು ನಿಂತಿತು. ಅವರು ಯೋಗೀಶನನ್ನು ನೋಡಿದರು. ಯೋಗೀಶ ನೆಲ ನೋಡಿದ.

ಅಷ್ಟರಲ್ಲಿ ಸುಜಿತ್ ತಂಪು ಕನ್ನಡಕ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಅಣ್ಣ, ಫೀಲ್ಡಿಂಗ್ ಟೈಮಲ್ಲಿ ನನ್ನನ್ನು ಸ್ವಲ್ಪ ನೆರಳಿರುವ ಕಡೆ ನಿಲ್ಲಿಸಿ ಆಯ್ತಾ?"